ಮರುಭೂಮಿಯ ಕಣಿವೆಯಲ್ಲಿ ವಿಮಾನ ನಿಲ್ದಾಣ: ಮೊದಲು ಅಳೆಯಬೇಕಾದದ್ದು ಯಾವುದು?

ಪ್ರಶ್ನೆ: ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಊರಿನಿಂದ ದೂರವಿರುವ ಮರುಭೂಮಿಯ ಕಣಿವೆಯಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುವ ವಿಷಯವಾಗಿ ಸೆಮಿನಾರ್ ಮಂಡಿಸಬೇಕಾಗಿದೆ. ಅದಕ್ಕಾಗಿ ಎರಡು ಉದಾಹರಣೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು, ಇಸ್ರೇಲಿನ ತಿಮ್ನಾ ಕಣಿವೆಯಲ್ಲಿ 2019ರ ಜನವರಿಯಲ್ಲಿ ಉದ್ಘಾಟನೆಯಾದ ರಾಮೋನ್ ವಿಮಾನ ನಿಲ್ದಾಣ. ಐಲಾತ್ ಪಟ್ಟಣದ ನಡುವೆಯೇ ಇದ್ದ ಹಳೆಯ ನಿಲ್ದಾಣವನ್ನು ಮುಚ್ಚಿ, ಅಲ್ಲಿಂದ ಸುಮಾರು 18 ಕಿಲೋಮೀಟರ್ ಉತ್ತರಕ್ಕೆ 3,600 ಮೀಟರ್ ಉದ್ದದ ರನ್‌ವೇಯೊಡನೆ ಇದನ್ನು ಕಟ್ಟಿದರು. ಎರಡನೆಯದು, ಅಮೆರಿಕದ ಲಾಸ್ ವೇಗಾಸ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಐವನ್‌ಪಾ ಕಣಿವೆ. ಅಲ್ಲಿ ನಿಲ್ದಾಣಕ್ಕೆಂದು ಸರ್ಕಾರಿ ಜಮೀನು ಕೊಡುವ ಕಾನೂನು 2000ದಲ್ಲಿಯೇ ಬಂದರೂ, ಆರ್ಥಿಕ ಹಿಂಜರಿತದ ನಂತರ 2010ರಲ್ಲಿ ಪರಿಸರ ಪರಿಶೀಲನೆ ನಿಂತುಹೋಗಿ, ವರ್ಷಗಳ ಮೇಲೆ ಮತ್ತೆ ಕೈಗೆತ್ತಿಕೊಳ್ಳಲಾಗಿದೆ.

ನನ್ನ ಸಂದೇಹ ಇಷ್ಟು. ಮರುಭೂಮಿ ಸಮತಟ್ಟಾಗಿರುತ್ತದೆ, ಮಳೆಯಿಲ್ಲ, ಜನವಸತಿಯಿಲ್ಲ, ಜಮೀನು ಅಗ್ಗ. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಇದಕ್ಕಿಂತ ಸುಲಭವಾದ ಜಾಗ ಇನ್ನೊಂದಿಲ್ಲ ಎಂದು ನನಗೆ ಹೇಳಿಕೊಟ್ಟಿದ್ದಾರೆ. ಆದರೆ ಕೊಟ್ಟ ಲೆಕ್ಕವನ್ನು ಬಿಡಿಸಿದಾಗಲೇ ನನಗೆ ಅನುಮಾನ ಬಂತು. ಸಮುದ್ರಮಟ್ಟದಲ್ಲಿ 2,000 ಮೀಟರ್ ಸಾಕಾಗುವ ರನ್‌ವೇಯನ್ನು ನಮ್ಮ ಚಳ್ಳಕೆರೆಯಷ್ಟು, ಅಂದರೆ ಸುಮಾರು 600 ಮೀಟರ್ ಎತ್ತರದ ಜಾಗಕ್ಕೆ ಒಯ್ದರೆ, 300 ಮೀಟರಿಗೆ ಶೇ. 7ರಂತೆ ಅದು 2,280 ಮೀಟರ್ ಆಗುತ್ತದೆ. ಆ ಎತ್ತರದ ಪ್ರಮಾಣಿತ ತಾಪಮಾನ 11 ಡಿಗ್ರಿ, ಉಲ್ಲೇಖ ತಾಪಮಾನ, ಅಂದರೆ ಅತಿ ಬಿಸಿಯ ತಿಂಗಳಿನ ದಿನದ ಗರಿಷ್ಠ ತಾಪಮಾನಗಳ ಸರಾಸರಿ, 38 ಡಿಗ್ರಿ ಎಂದು ಹಿಡಿದು, ಎರಡರ ವ್ಯತ್ಯಾಸದ ಪ್ರತಿ ಡಿಗ್ರಿಗೆ ಶೇ. 1ರಂತೆ ಕೂಡಿಸಿದರೆ ಸುಮಾರು 2,895 ಮೀಟರ್ ಬರುತ್ತದೆ. ಬರೀ ಎತ್ತರ ಮತ್ತು ಬಿಸಿಲಿಗೆ ಇಷ್ಟು ಹೆಚ್ಚುವುದಾದರೆ, ನನ್ನ ಕಣ್ಣಿಗೆ ಬೀಳದ ಸಂಗತಿಗಳು ಇನ್ನೆಷ್ಟಿವೆ? ಇಂಥ ಕಣಿವೆಯಲ್ಲಿ ಕೆಲಸ ಆರಂಭಿಸುವವರು ಎಲ್ಲಕ್ಕಿಂತ ಮೊದಲು ಏನನ್ನು ಅಳೆಯಬೇಕು? ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ನಿವೃತ್ತ ಇಂಜಿನಿಯರ್, ಚಿತ್ರದುರ್ಗ

ತಂಗಿ, ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ಅದರ ಜೊತೆಗಿರುವ ಒಂದು ನಿಬಂಧನೆಯನ್ನೂ ಬರೆದುಕೊಳ್ಳಿ. ಎತ್ತರ ಮತ್ತು ತಾಪಮಾನದ ಒಟ್ಟು ತಿದ್ದುಪಡಿ ಶೇ. 35ನ್ನು ಮೀರಿದರೆ ಸೂತ್ರವನ್ನು ನಂಬಿ ಮುಂದುವರಿಯುವಂತಿಲ್ಲ. ಆ ಜಾಗಕ್ಕೆಂದೇ ಪ್ರತ್ಯೇಕ ಅಧ್ಯಯನ ನಡೆಸಬೇಕು. ನಿಮ್ಮದು ಸುಮಾರು ಶೇ. 45ಕ್ಕೆ ಮುಟ್ಟಿದೆ. ಬಿಸಿಯಾದ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಎತ್ತುವ ಬಲವೂ ಇಂಜಿನ್ನಿಗೆ ತಳ್ಳುವ ಬಲವೂ ಕಡಿಮೆಯಾಗುತ್ತವೆ. ರನ್‌ವೇ ಉದ್ದ ಸಾಲದಿದ್ದರೆ ನಡುಮಧ್ಯಾಹ್ನ ಹೊರಡುವ ವಿಮಾನ ಇಂಧನವನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಿಕೊಂಡೇ ಏಳಬೇಕಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮೊದಲು ಅಳೆಯಬೇಕಾದದ್ದು ಗಾಳಿ, ಅದರ ಬೆನ್ನಿಗೇ ನೀರಿನ ದಾರಿ. ಜಮೀನಿನ ಅಳತೆ ಆಮೇಲಿನದು. ಕಟ್ಟಡ ಸಾಲದಿದ್ದರೆ ದೊಡ್ಡದು ಮಾಡಬಹುದು, ರಸ್ತೆ ಸಾಲದಿದ್ದರೆ ಅಗಲ ಮಾಡಬಹುದು. ರನ್‌ವೇಯ ದಿಕ್ಕನ್ನು ಮಾತ್ರ ಒಮ್ಮೆ ಹಾಕಿದ ಮೇಲೆ ತಿರುಗಿಸಲು ಬರುವುದಿಲ್ಲ. ಅಡ್ಡಗಾಳಿ ಮಿತಿಯೊಳಗಿದ್ದು ವರ್ಷದಲ್ಲಿ ಕನಿಷ್ಠ ಶೇ. 95ರಷ್ಟು ಕಾಲ ವಿಮಾನಗಳು ಇಳಿಯುವಂತಿರಬೇಕು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ದೊಡ್ಡ ರನ್‌ವೇಗಳಿಗೆ ಆ ಮಿತಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಇದನ್ನು ನಿರ್ಧರಿಸಲು ಸಾಧ್ಯವಾದರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಗಾಳಿಯ ದಾಖಲೆ, ದಿನಕ್ಕೆ ಎಂಟು ಸಲದಂತೆ, ಬೇಕು. ನಿರ್ಜನ ಕಣಿವೆಯಲ್ಲಿ ಆ ದಾಖಲೆಯನ್ನು ಬರೆದಿಟ್ಟವರು ಯಾರು? ಹತ್ತಿರದ ಪಟ್ಟಣದ ಅಂಕಿಗಳನ್ನು ತಂದು ಇಲ್ಲಿಗೆ ಹೊಂದಿಸಲು ಆಗುವುದಿಲ್ಲ. ನಮ್ಮ ಜೋಗಿಮಟ್ಟಿಯ ಕಡೆ ಗಾಳಿ ವಿದ್ಯುತ್ತಿನ ಒಂದು ಫ್ಯಾನು ಜೋರಾಗಿ ತಿರುಗುತ್ತಿರುವಾಗ ಅದೇ ಸಾಲಿನ ಇನ್ನೊಂದು ಮೆಲ್ಲಗೆ ಆಡುತ್ತಿರುವುದನ್ನು ನೀವು ನೋಡಿರಬಹುದು. ಗುಡ್ಡಗಳ ನಡುವೆ ಗಾಳಿಯ ನಡತೆ ಮಾರುದೂರಕ್ಕೆ ಬದಲಾಗುತ್ತದೆ.

ನೀರಿನ ವಿಷಯದಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊಳಕಾಲ್ಮುರು ಕಡೆಯ ಒಂದು ಒಣ ಹಳ್ಳಕ್ಕೆ ಎರಡು ಪೈಪಿನ ಮೋರಿಯ ಅಂದಾಜು ತಯಾರಿಸಿಕೊಂಡು ಸ್ಥಳಕ್ಕೆ ಹೋಗಿದ್ದೆ. ಹಳ್ಳದಲ್ಲಿ ಕಾಲು ಹುಗಿಯುವಷ್ಟು ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿ ಮೇಕೆ ಕಾಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ದಡದ ಜಾಲಿಮರದ ಹತ್ತಿರ ಕರೆದುಕೊಂಡು ಹೋಗಿ, ನನ್ನ ಎದೆಮಟ್ಟಕ್ಕಿದ್ದ ಕೊಂಬೆಯನ್ನು ತೋರಿಸಿದರು. ಮುಳ್ಳುಗಳ ನಡುವೆ ಒಣಹುಲ್ಲು, ಹರಿದ ಗೋಣಿಯ ಎಳೆ, ಒಂದು ಜೋಳದ ಬೇರು ಸಿಕ್ಕಿಕೊಂಡಿದ್ದವು. ಅವೆಲ್ಲ ಹರಿದು ಬಂದ ನೀರು ಬಿಟ್ಟುಹೋದ ಕಸ. ನಾನು ಅಂದಾಜನ್ನು ಹರಿದು ಹಾಕಿ ಮೂರು ಕಣ್ಣಿನ ಸೇತುವೆಗೆ ಹೊಸದಾಗಿ ಬರೆದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಬಂದ ಮಳೆ ಒಂದೇ ಸಲಕ್ಕೆ ಬರುತ್ತದೆ, ಗಟ್ಟಿನೆಲ ಅದನ್ನು ಕುಡಿಯುವುದಿಲ್ಲ. 2024ರ ಏಪ್ರಿಲ್ 16ರಂದು ದುಬೈ ವಿಮಾನ ನಿಲ್ದಾಣದ ನೆಲವೆಲ್ಲ ಕೆರೆಯಂತಾದದ್ದು ನೆನಪಿರಬಹುದು. ಆಗ ಆ ದೇಶದ ಅಲ್ ಐನ್ ಪ್ರದೇಶದ ಒಂದು ಕಡೆ ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ 254 ಮಿಲಿಮೀಟರ್ ಮಳೆ ದಾಖಲಾಯಿತು.

ಕಣಿವೆಯಲ್ಲಿ ಗಾಳಿಯೂ ನೀರೂ ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದೇ ನಿಜವಾದ ತೊಡಕು. ಗಾಳಿ ಸಾಮಾನ್ಯವಾಗಿ ಕಣಿವೆಯ ಉದ್ದಕ್ಕೆ ಬೀಸುತ್ತದೆ, ಗುಡ್ಡಗಳೂ ಎರಡು ಮಗ್ಗುಲಲ್ಲಿರುತ್ತವೆ, ಹಾಗಾಗಿ ರನ್‌ವೇಯೂ ಉದ್ದಕ್ಕೇ ಮಲಗಬೇಕು. ರಾಮೋನ್ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಇರುವುದನ್ನು ನಕ್ಷೆಯಲ್ಲಿ ನೋಡಿ. ಆದರೆ ಗುಡ್ಡದಿಂದ ಇಳಿಯುವ ಹಳ್ಳಗಳು ಕಣಿವೆಗೆ ಅಡ್ಡಲಾಗಿ ಬರುವುದರಿಂದ, ಮೂರೂವರೆ ಕಿಲೋಮೀಟರ್ ಉದ್ದದ ರನ್‌ವೇ ಅಷ್ಟೂ ಹಳ್ಳಗಳಿಗೆ ಒಡ್ಡು ಹಾಕಿದಂತೆ ಆಗುತ್ತದೆ. ಗುಡ್ಡದ ಮಗ್ಗುಲಿಗೆ ಕಾಲುವೆ ತೋಡಿ ನೀರನ್ನು ತಿರುಗಿಸಿಯೇ ನೆಲ ಸಮ ಮಾಡಬೇಕು. ನಕ್ಷೆಯಲ್ಲಿ ಸಮತಟ್ಟಾಗಿ ಕಾಣುವ ಆ ನೆಲ ಆ ಹಳ್ಳಗಳೇ ಸಾವಿರಾರು ವರ್ಷ ಮರಳು ಜಲ್ಲಿ ತಂದು ಹರಡಿ ಮಾಡಿದ್ದು ಎಂಬುದನ್ನು ಮರೆಯಬಾರದು.

ಉತ್ತರ: ಮಾಜಿ ಸೈನಿಕ, ಜಗಳೂರು

ಹಿರಿಯರ ಮಾತಿಗೆ ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಕೆಲವು ಕಾಲ ಲೇಹದಲ್ಲಿದ್ದೆ. ಅದೂ ಮರುಭೂಮಿಯ ಕಣಿವೆಯೇ, ಚಳಿಯದ್ದು ಎಂಬುದಷ್ಟೇ ವ್ಯತ್ಯಾಸ. ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ಒಂದು ತುದಿಗೆ ನೆಲ ಏರುತ್ತಾ ಹೋಗುವುದರಿಂದ ವಿಮಾನಗಳು ಸಾಮಾನ್ಯವಾಗಿ ಒಂದು ಕಡೆಯಿಂದ ಇಳಿದು, ಬಂದ ಕಡೆಗೇ ಮುಖ ಮಾಡಿ ಏಳುತ್ತವೆ. ಬಹುಪಾಲು ವಿಮಾನಗಳು ಬೆಳಗಿನ ಹೊತ್ತಿಗೇ ಬಂದು ಹೋಗುತ್ತಿದ್ದವು. ಬಿಸಿಲೇರಿದ ಮೇಲೆ ಕಣಿವೆಯಲ್ಲಿ ಗಾಳಿ ಎದ್ದಿತೆಂದರೆ ಚಹಾದ ಲೋಟದ ಮೇಲೆ ಅಂಗೈ ಮುಚ್ಚಿಕೊಂಡೇ ಕುಡಿಯಬೇಕಾಗಿತ್ತು, ಆದರೂ ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿತ್ತು. ಬೆಳಗಿನ ವಿಮಾನ ತಪ್ಪಿದರೆ ರಜೆಯ ಒಂದು ದಿನ ಹೋದಂತೆಯೇ ಲೆಕ್ಕ. ನಮ್ಮ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆ 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಸಿದ್ದು ಕೂಡ ಮೂರೂ ಸಲ ಬೆಳಗಿನ ಹೊತ್ತಿನಲ್ಲಿಯೇ. ದಿನದಲ್ಲಿ ಎಷ್ಟು ಗಂಟೆ ನಿಲ್ದಾಣ ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿಮ್ಮ ಸೆಮಿನಾರಿನಲ್ಲಿ ತಪ್ಪದೆ ಕೇಳಿ.

ಉತ್ತರ: ಕುರಿ ಸಾಕುವ ಮನೆಯ ಮಗಳು, ಚಳ್ಳಕೆರೆ ತಾಲ್ಲೂಕು

ಇಂಜಿನಿಯರ್ ಸರ್ ಬರೆದದ್ದು ಬಹಳ ಉಪಯುಕ್ತವಾಗಿದೆ. ಆದರೆ "ನಿರ್ಜನ ಕಣಿವೆ" ಎಂದು ಅವರೂ ಬರೆದದ್ದನ್ನು ನೋಡಿ ನನಗೆ ನೋವಾಯಿತು. ಅವರಿಗೆ ಹಳ್ಳದ ಸತ್ಯವನ್ನು ತೋರಿಸಿದ್ದು ಅಲ್ಲಿಯೇ ಮೇಕೆ ಕಾಯುತ್ತಿದ್ದ ಮನುಷ್ಯ ತಾನೇ?

ನಮ್ಮ ಕಡೆಯ ಕಾವಲುಗಳನ್ನು ಹೊರಗಿನಿಂದ ಬಂದವರು ಬರಡುನೆಲ ಎಂದೇ ಕರೆಯುತ್ತಾರೆ. ಮೈಸೂರಿನ ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಹುಲ್ಲುಗಾವಲು ಇದು. ನಮ್ಮ ಕುರಿಗಳು ಇಲ್ಲಿಯೇ ಮೇಯುತ್ತವೆ, ಅವುಗಳ ಉಣ್ಣೆಯಿಂದ ಕಂಬಳಿ ಆಗುತ್ತದೆ. ನಮ್ಮ ಅಜ್ಜಿ ಇಂದಿಗೂ ಹುಣಸೆಬೀಜದ ಗಂಜಿ ಮಾಡಿ ನೂಲಿಗೆ ಹಚ್ಚುತ್ತಾಳೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಬೇಲಿ ಎದ್ದಿತು. ಹಾಕಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಅರ್ಧ ಗಂಟೆಯಲ್ಲಿ ಕಟ್ಟೆಯ ನೀರಿಗೆ ಮುಟ್ಟುತ್ತಿದ್ದ ಹಿಂಡು ಅಂದಿನಿಂದ ಎರಡು ಗಂಟೆ ಸುತ್ತಿ ಹೋಗಬೇಕಾಯಿತು. ಆ ಬೇಸಿಗೆಯಲ್ಲಿ ಎಳೆಯ ಮರಿಗಳನ್ನು ನಮ್ಮಪ್ಪ ಕಂಬಳಿಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ನಡೆದ. ಬೇಲಿಯ ನಕ್ಷೆಯಲ್ಲಿ ಆ ಕಾಲುದಾರಿ ಇರಲಿಲ್ಲ, ಏಕೆಂದರೆ ಅಳತೆಗೆ ಬಂದವರು ಬಂದದ್ದು ಹಿಂಡುಗಳು ಬೇರೆ ಕಡೆಗೆ ವಲಸೆ ಹೋಗಿದ್ದ ತಿಂಗಳಲ್ಲಿ.

ಅಕ್ಕಾ, ನೀವು ಆರಿಸಿದ ಐವನ್‌ಪಾ ಕಣಿವೆಯಲ್ಲಿಯೂ ಇದೇ ನಡೆದಿದೆ. ಅಲ್ಲಿನ ಮರುಭೂಮಿಯ ಆಮೆ ಅಳಿವಿನ ಅಪಾಯದಲ್ಲಿರುವ ಜೀವಿ ಎಂದು 1990ರಿಂದಲೇ ಕಾನೂನಿನ ರಕ್ಷಣೆ ಪಡೆದಿದೆ. ಅದು ಬದುಕಿನ ಬಹುಪಾಲನ್ನು ಬಿಲದಲ್ಲಿಯೇ ಕಳೆಯುತ್ತದೆ. ಅದೇ ಕಣಿವೆಯ ಕ್ಯಾಲಿಫೋರ್ನಿಯಾ ಭಾಗದಲ್ಲಿ ದೊಡ್ಡ ಸೌರ ವಿದ್ಯುತ್ ಸ್ಥಾವರ ಕಟ್ಟುವಾಗ, ಅಂದಾಜು ಮಾಡಿದ್ದಕ್ಕಿಂತ ಬಹಳ ಹೆಚ್ಚು ಆಮೆಗಳು ಸಿಕ್ಕಿದ್ದರಿಂದ 2011ರಲ್ಲಿ ಕೆಲಸದ ಒಂದು ಭಾಗವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಎಣಿಸಿದ ದಿನ ಕಾಣದ ಜೀವವನ್ನು ಇಲ್ಲವೆಂದು ಬರೆದುಕೊಂಡರೆ ಹೀಗಾಗುತ್ತದೆ. ಆದ್ದರಿಂದ ಗಾಳಿಗೆ ಐದು ವರ್ಷ ಕೊಡುವವರು ನೆಲದ ಮೇಲೆ ಓಡಾಡುವವರಿಗೆ ಕನಿಷ್ಠ ಒಂದು ಪೂರ್ತಿ ವರ್ಷವನ್ನಾದರೂ ಕೊಡಲಿ. ಯಾರು ಯಾವ ತಿಂಗಳು ಎಲ್ಲಿಂದ ಬರುತ್ತಾರೆ, ಎಲ್ಲಿ ನೀರು ಕುಡಿಸುತ್ತಾರೆ ಎಂದು ಬರೆದುಕೊಳ್ಳಲಿ.

ನಿವೃತ್ತ ಇಂಜಿನಿಯರ್, ಚಿತ್ರದುರ್ಗ

ತಾಯಿ, ನೀವು ಹೇಳಿದ್ದು ನಿಜ. ಆ ಪದವನ್ನು ನಾನು ಬಳಸಬಾರದಿತ್ತು. "ದಾಖಲೆಯಿಲ್ಲದ ಕಣಿವೆ" ಎಂದು ತಿದ್ದಿಕೊಳ್ಳುತ್ತೇನೆ.

ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಗಾಳಿ, ನೀರು, ಓಡಾಟ ಎಂಬ ಕ್ರಮದಲ್ಲಿಯೇ ಸೆಮಿನಾರನ್ನು ಮತ್ತೆ ಬರೆಯುತ್ತಿದ್ದೇನೆ. ಸರ್, ಇನ್ನೊಂದು ಮಾತು. ಹಳ್ಳದ ನೀರನ್ನು ಕಾಲುವೆಯಿಂದ ತಿರುಗಿಸಬೇಕು ಎಂದಿರಿ. ಐವನ್‌ಪಾ ಕಣಿವೆಯಿಂದ ನೀರು ಹೊರಗೆ ಹರಿದು ಹೋಗುವುದೇ ಇಲ್ಲವೆಂದು ಓದಿದೆ; ಬಂದ ನೀರೆಲ್ಲ ತಳದ ಒಣಕೆರೆಗಳಲ್ಲಿ ನಿಂತು ಆರಿಹೋಗುತ್ತದಂತೆ. ಹಾಗಾದರೆ ತಿರುಗಿಸಿದ ನೀರನ್ನು ಎಲ್ಲಿ ಬಿಡುವುದು?

ನಿವೃತ್ತ ಇಂಜಿನಿಯರ್, ಚಿತ್ರದುರ್ಗ

ಬಿಡುವುದಕ್ಕೆ ಆ ಒಣಕೆರೆಯ ಹೊರತು ಬೇರೆ ಜಾಗವಿಲ್ಲ. ರನ್‌ವೇ, ವಿಮಾನ ನಿಲ್ಲುವ ಅಂಗಳ, ವಾಹನಗಳ ನಿಲುಗಡೆ ಎಲ್ಲ ಸೇರಿ ಮೊದಲು ಸ್ವಲ್ಪವಾದರೂ ಇಂಗುತ್ತಿದ್ದ ನೆಲವನ್ನು ಮುಚ್ಚುವುದರಿಂದ, ಕೆರೆಗೆ ಇಳಿಯುವ ನೀರು ಮೊದಲಿಗಿಂತ ಹೆಚ್ಚಾಗಿಯೂ ಬೇಗನೆಯೂ ಬರುತ್ತದೆ. ಆದ್ದರಿಂದ ಮಾಡಬೇಕಾದದ್ದು ಎರಡು. ಮೇಲುಗಡೆ ಹಳ್ಳಗಳ ಬಾಯಲ್ಲಿ ತಡೆಗುಂಡಿಗಳನ್ನು ಮಾಡಿ ನೀರನ್ನು ನಿಲ್ಲಿಸಿ ನಿಧಾನವಾಗಿ ಬಿಡಬೇಕು. ಮತ್ತು ಒಣಕೆರೆಯ ಅತಿ ಹೆಚ್ಚಿನ ನೀರಿನ ಮಟ್ಟವನ್ನು ಹೊಸ ಹರಿವನ್ನೂ ಕೂಡಿಸಿ ಲೆಕ್ಕ ಹಾಕಿ, ಅದಕ್ಕಿಂತ ಮೇಲೆ ರನ್‌ವೇಯ ಮಟ್ಟವನ್ನು ಇಡಬೇಕು. ನಮ್ಮ ಹಳೆಯ ಕೆರೆ ಕಟ್ಟಿದವರು ಕೋಡಿಯ ಮಟ್ಟ ನಿಶ್ಚಯಿಸುವಾಗ ಮಾಡುತ್ತಿದ್ದದ್ದೂ ಇದೇ ಕೆಲಸ. ಇಲ್ಲಿ ಕೋಡಿಯೇ ಇಲ್ಲದ್ದರಿಂದ ಇನ್ನಷ್ಟು ಎಚ್ಚರ ಬೇಕು. ನಿಮ್ಮ ನಕ್ಷೆಯಲ್ಲಿ ಆ ಮಟ್ಟದ ಗೆರೆಯನ್ನು ನೀಲಿ ಶಾಯಿಯಲ್ಲಿ ಎಳೆದು, ರನ್‌ವೇಯನ್ನು ಆಮೇಲೆ ಗುರುತಿಸಿ ಕಳುಹಿಸಿ. ನಾನು ನೋಡಿಕೊಡುತ್ತೇನೆ.