ಮನೆಯಲ್ಲೇ ಭಾರ ಎತ್ತುವ ವ್ಯಾಯಾಮ ಆರಂಭಿಸಬಹುದೇ?

ಪ್ರಶ್ನೆ (ಶಿರಸಿ): ನನಗೆ 42 ವರ್ಷ. ಬಾವಿಯಿಂದ ಕೊಡಪಾನ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡೋಣವೆಂದರೆ, ತೋಳುಗಳು ಗಂಡಸರಂತೆ ಉಬ್ಬುತ್ತವೆ ಎಂದು ಅತ್ತೆಯವರು ಹೆದರಿಸುತ್ತಿದ್ದಾರೆ.

ಉತ್ತರ (ಕಾರವಾರ): ಹೆಂಗಸರಲ್ಲಿ ಸ್ನಾಯು ಬೆಳೆಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಬಹಳ ಕಡಿಮೆ ಇರುವುದರಿಂದ ಸ್ನಾಯುಗಳು ಹಾಗೆ ಸುಲಭವಾಗಿ ಉಬ್ಬುವುದಿಲ್ಲ. ಮೊದಲು ಕುರ್ಚಿಯಿಂದ ಕೈಯಾಸರೆಯಿಲ್ಲದೆ 8ರಿಂದ 12 ಬಾರಿ ಎದ್ದು ಕೂರುವುದನ್ನು ರೂಢಿಸಿಕೊಂಡು, ಅದು ಹಗುರವೆನಿಸಿದ ಮೇಲೆ 1 ಲೀಟರಿನ ನೀರಿನ ಬಾಟಲಿಯನ್ನು, ಅಂದರೆ ಸುಮಾರು 1 ಕಿಲೋ ಭಾರವನ್ನು, ಎದೆಗೆ ಹಿಡಿದು ಮುಂದುವರಿಸಿ.

ಉತ್ತರ (ಕುಮಟಾ): ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 2 ದಿನ ಇಂಥ ವ್ಯಾಯಾಮ ಮಾಡಲು ಹೇಳುತ್ತದೆ. ಕೊಡಪಾನವನ್ನು ಬೆನ್ನು ಬಗ್ಗಿಸದೆ, ಮೊಣಕಾಲು ಮಡಚಿ, ಮೈಗೆ ತಾಗಿಸಿಕೊಂಡೇ ಎತ್ತಿ. ನಾನೂ ವರ್ಷಗಟ್ಟಲೆ ತಪ್ಪಾಗಿಯೇ ಎತ್ತುತ್ತಿದ್ದೆ. ನೋವು ಕಾಲಿಗಿಳಿಯುತ್ತಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ.