ಸಹಾಯ ಬೇಕು: ಮ್ಯೂಯಾನ್ ಗ್ರಾಫ್‌ನಲ್ಲಿ ಒಂದು ಸಣ್ಣ ಉಬ್ಬು

ಎಲ್ಲರಿಗೂ ನಮಸ್ಕಾರ. ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗದ ಮುಕ್ತ ಡೇಟಾದಲ್ಲಿ ಮ್ಯೂಯಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಹೆಚ್ಚು ಭಾರದ ಕಣ) ಜೋಡಿಗಳ ದ್ರವ್ಯರಾಶಿ ಲೆಕ್ಕ ಹಾಕುತ್ತಿದ್ದೇನೆ. 3.1 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಏಕಮಾನ) ಹತ್ತಿರ ಜೆ/ಸೈ, 91ರ ಹತ್ತಿರ ಝಡ್ ಬೋಸಾನ್ ಎಂಬ ಕಣಗಳು ಚೆನ್ನಾಗಿ ಎದ್ದು ಕಾಣುತ್ತಿವೆ. ಆದರೆ 40ರ ಆಸುಪಾಸಿನ ಒಂದು ಬಿನ್‌ನಲ್ಲಿ (ಗ್ರಾಫ್‌ನ ಒಂದು ಪಟ್ಟಿ) 100 ಘಟನೆ ಇರಬೇಕಾದ ಕಡೆ 130 ಇವೆ. ಅಂದರೆ 3 ಸಿಗ್ಮಾ (ಸಹಜ ಏರುಪೇರಿನ ಮೂರು ಪಟ್ಟು), ಅಲ್ವಾ?

ಹಿನ್ನೆಲೆಗೆ, ಅಂದರೆ ಹೊಸ ಕಣ ಇಲ್ಲದಿದ್ದರೂ ಬರುವ ಘಟನೆಗಳಿಗೆ, ಬೇರೆ ಬೇರೆ ಫಿಟ್ (ಹೊಂದುವ ವಕ್ರರೇಖೆ) ಹಾಕಿದೆ. ಬಿನ್ ಅಗಲವನ್ನೂ ಬದಲಿಸಿದೆ. ಉಬ್ಬು ಸ್ವಲ್ಪ ತಗ್ಗಿತು, ಹೋಗಲಿಲ್ಲ. 2015ರಲ್ಲಿ ಸರ್ನ್‌ನ ಡೇಟಾದಲ್ಲೇ 750 ಜಿಇವಿ ಬಳಿ ಕಂಡ ಉಬ್ಬು ಮರುವರ್ಷ ಜಾಸ್ತಿ ಡೇಟಾ ಬಂದಾಗ ಮಾಯವಾಗಿದ್ದು ನೆನಪಿದೆ, ಅದಕ್ಕೇ ಅವಸರಪಡುತ್ತಿಲ್ಲ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಒಟ್ಟು 60 ಬಿನ್ ಹುಡುಕಿದ್ದೇನೆ. ಎಲ್ಲೋ ಒಂದು ಕಡೆ ಇಂಥದ್ದು ತಾನಾಗಿಯೇ ಬರಬಹುದು. ಹಾಗಾದರೆ ಪಿ-ಮೌಲ್ಯವನ್ನು (ಇಂಥ ಉಬ್ಬು ಬರೀ ಆಕಸ್ಮಿಕವಾಗಿ ಬರುವ ಸಂಭವನೀಯತೆ) ಸುಮ್ನೆ 60ರಿಂದ ಗುಣಿಸಿದರೆ ಸಾಕಾ, ಅಥವಾ ಬರೀ ಹಿನ್ನೆಲೆಯ ನಕಲಿ ಡೇಟಾ ಸಾವಿರಾರು ಸಲ ಹುಟ್ಟಿಸಿ ನೋಡಲೇಬೇಕಾ?