ಒಂಬತ್ತನೇ ತರಗತಿಯ ಮಗಳಿಗೆ ಯಾವ ಕನ್ನಡ ಕಾದಂಬರಿ ಕೊಡಲಿ?

ಪ್ರಶ್ನೆ (ಒಬ್ಬ ತಾಯಿ, ಬನಶಂಕರಿ):

ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಕನ್ನಡ ಅವಳಿಗೆ ದ್ವಿತೀಯ ಭಾಷೆ. ಇಂಗ್ಲಿಷಿನ ದಪ್ಪ ಕಾದಂಬರಿಗಳನ್ನು ಎರಡು ದಿನಗಳಲ್ಲಿ ಮುಗಿಸುವವಳು ಕನ್ನಡ ಪುಸ್ತಕವನ್ನು ನಾಲ್ಕನೇ ಪುಟಕ್ಕೇ ಮಡಚಿಡುತ್ತಾಳೆ. ಮನೆಯಲ್ಲಿ ನಾವು ಆಡುವುದು ಕನ್ನಡವೇ ಆದ್ದರಿಂದ ಅರ್ಥವಾಗುವುದಿಲ್ಲ ಎನ್ನುವಂತಿಲ್ಲ. ಮಕ್ಕಳ ಕತೆಗಳನ್ನು ತಂದರೆ ತಮ್ಮನಿಗೆ ಕೊಡು ಎನ್ನುತ್ತಾಳೆ. ನಾನು ಕಾಲೇಜಿನಲ್ಲಿ ಓದಿದ ಕಾದಂಬರಿಗಳು ಅವಳಿಗೆ ಭಾರವಾಗುತ್ತವೆ. ಈ ನಡುವಿನ ವಯಸ್ಸಿಗೆ ಒಪ್ಪುವ ಕಾದಂಬರಿಗಳನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಜಯನಗರ):

ಮೇಡಂ, ನಿಮ್ಮ ಮಗಳಂಥ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು. ಕಿವಿಗೆ ಸಲೀಸಾಗಿ ಬರುವ ಕನ್ನಡ ಅವರ ಕಣ್ಣಿಗೆ ಅಷ್ಟು ಬೇಗ ಬರುವುದಿಲ್ಲ. ಒತ್ತಕ್ಷರಗಳ ಬಳಿ ನಿಂತು ನಿಂತು ಓದುವಾಗ ಕತೆಯ ಓಟ ತಪ್ಪುತ್ತದೆ, ಪುಸ್ತಕವೇ ಬೇಸರದ್ದು ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಆದ್ದರಿಂದ ಯಾವ ಪುಸ್ತಕ ಕೊಟ್ಟರೂ ಮೊದಲ ಇಪ್ಪತ್ತು ಮೂವತ್ತು ಪುಟಗಳನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ.

ಆ ಮೊದಲ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಆಗಿರಲಿ ಎಂದು ಎರಡು ಮಾತಿಲ್ಲದೆ ಹೇಳುತ್ತೇನೆ. 1980ರಲ್ಲಿ ಬಂದ ಈ ಪುಟ್ಟ ಕಾದಂಬರಿಯಲ್ಲಿ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನೆಂಬ ಜೇನು ಹಿಡಿಯುವ ಹುಡುಗನನ್ನು ವಿಜ್ಞಾನಿಯೊಬ್ಬರು ಸಮಾನನೆಂದು ಗೌರವಿಸುತ್ತಾರೆ. ಏಕೆ ಗೌರವಿಸುತ್ತಾರೆ ಎಂಬ ಕುತೂಹಲವೇ ಓದುಗನನ್ನು ಪಶ್ಚಿಮ ಘಟ್ಟದ ಕಾಡಿಗೆ, ಹಾರುವ ಓತಿಯ ಹುಡುಕಾಟಕ್ಕೆ ಎಳೆದೊಯ್ಯುತ್ತದೆ. ಅಂಕಗಳಿಂದಲೇ ಅಳೆಯಲ್ಪಡುವ ವಯಸ್ಸಿನ ಮಕ್ಕಳಿಗೆ ಮಂದಣ್ಣ ಎಷ್ಟು ಹತ್ತಿರದವನಾಗುತ್ತಾನೆ ಎಂಬುದನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಶುಕ್ರವಾರದ ಕೊನೆಯ ಅವಧಿಯಲ್ಲಿ ಇದನ್ನು ಓದಿ ಹೇಳುತ್ತಿದ್ದಾಗ, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡಲ್ಲದೆ ಓದಲಾಗದಿದ್ದ ಹುಡುಗನೊಬ್ಬ ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಮೇಡಂ, ಸೋಮವಾರದ ತನಕ ಪುಸ್ತಕ ಕೊಡ್ತೀರಾ?’ ಎಂದು ಕೇಳಿದ. ಪುಸ್ತಕ ಹಿಂದಿರುಗಿದಾಗ ಕೊನೆಯ ಪುಟಗಳ ತನಕ ಸಾಲುಗಳ ಕೆಳಗೆ ಪೆನ್ಸಿಲ್ಲಿನ ತೆಳು ಗೆರೆಗಳಿದ್ದವು. ಅವನ್ನು ನಾನು ಅಳಿಸಿಲ್ಲ.

ಅನಂತರ ನಾ. ಡಿಸೋಜ ಅವರ ‘ದ್ವೀಪ’ವನ್ನು ಕೊಡಿ. ಅಣೆಕಟ್ಟಿನ ನೀರು ಏರುತ್ತಾ ಮನೆಯೊಂದನ್ನು ಸುತ್ತುವರಿಯುವ ಕತೆಯಿದು. ಶರಾವತಿ ಯೋಜನೆಯ ಮುಳುಗಡೆಯನ್ನು ಕಣ್ಣಾರೆ ಕಂಡವರ ಬರವಣಿಗೆಯಾದ್ದರಿಂದ ಪ್ರತಿಯೊಂದು ಮಾತಿಗೂ ತೂಕವಿದೆ. ಮಕ್ಕಳಿಗಾಗಿಯೇ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಕಾರಂತರ ‘ಬೆಟ್ಟದ ಜೀವ’ ನನಗೆ ಪ್ರಾಣ, ಆದರೂ ಅದರ ನಿಧಾನಕ್ಕೆ ಸ್ವಲ್ಪ ಓದು ಪಳಗಿರಬೇಕು. ಪಿಯುಸಿಯ ತನಕ ಕಾಯಿರಿ.

ಉತ್ತರ 2 (ಗ್ರಂಥಪಾಲಕ, ಮಲ್ಲೇಶ್ವರ):

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲ್ಲವೂ ಮಲೆನಾಡಿನದೇ ಆಯಿತು. ಬೆಂಗಳೂರಿನ ಮಗುವಿಗೆ ತನ್ನ ಊರೂ ಕನ್ನಡದಲ್ಲಿ ಸಿಗಬೇಕು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಕಾದಂಬರಿಯಲ್ಲ, ಆತ್ಮಕಥೆ. ಆದರೂ ಮಾಗಡಿ ಕಡೆಯ ಹಳ್ಳಿಯಿಂದ ಶ್ರೀರಾಮಪುರದ ಕೇರಿಗೆ ಬಂದ ಹುಡುಗನ ಹಸಿವು ಅವಮಾನಗಳನ್ನು ಅದು ನಗಿಸುತ್ತಲೇ ಹೇಳುತ್ತದೆ, ವಾಕ್ಯಗಳೂ ಚಿಕ್ಕವು. ಹೊಸಬರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ನೋಡಿ, ಅದಕ್ಕೆ 2023ರ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಹೆಣ್ಣುಮಕ್ಕಳಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೊಡಬಹುದೇ ಎಂದು ಶಿಕ್ಷಕಿಯವರನ್ನೇ ಕೇಳುತ್ತೇನೆ.

ಉತ್ತರ 3 (ಶಿಕ್ಷಕಿ, ಮತ್ತೆ):

ಸರ್, ‘ಊರುಕೇರಿ’ಯನ್ನು ನಾನೇ ಹೇಳಬೇಕಿತ್ತು, ನೆನಪಿಸಿದ್ದಕ್ಕೆ ಧನ್ಯವಾದ. ‘ಚಂದ್ರಗಿರಿಯ ತೀರದಲ್ಲಿ’ ಖಂಡಿತ ಕೊಡಬಹುದು, ಆದರೆ ಹತ್ತನೇ ತರಗತಿ ಮುಗಿದ ರಜೆಯಲ್ಲಿ, ಅದೂ ತಾಯಿ ಜೊತೆಗೆ ಓದುವುದಾದರೆ. ತಂದೆಯ ಹಟಕ್ಕೆ ಸಿಕ್ಕಿ ತಲಾಕ್ ಪಡೆದ ನಾದಿರಾ ಗಂಡನ ಬಳಿಗೆ ಮರಳಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆ ಆ ಕತೆಯಲ್ಲಿದೆ. ಅದನ್ನು ಓದಿದ ಹುಡುಗಿಗೆ ಕೇಳಲು ಪ್ರಶ್ನೆಗಳಿರುತ್ತವೆ, ಆ ಹೊತ್ತಿನಲ್ಲಿ ಅವಳು ಒಬ್ಬಳೇ ಇರಬಾರದು. ಸಾರಾ ಅವರು ಬರೆದದ್ದು ಕಾಸರಗೋಡಿನ ಒಂದು ಸಮುದಾಯದ ಕುರಿತು. ಆದರೆ ನನ್ನ ಬಳಿ ಅದನ್ನು ಓದಿದ ಹುಡುಗಿಯರು ತಮ್ಮ ತಮ್ಮ ಮನೆಗಳ ಬಗ್ಗೆಯೇ ಮಾತನಾಡಿದರು.

ಪ್ರಶ್ನೆ ಕೇಳಿದ ತಾಯಿ:

ಇಬ್ಬರಿಗೂ ನಮಸ್ಕಾರ. ಮೂರು ರಾತ್ರಿಗಳಿಂದ ‘ಕರ್ವಾಲೊ’ ಓದಿ ಹೇಳುತ್ತಿದ್ದೇನೆ. ಮಗಳು ತಾನಾಗಿ ಪುಸ್ತಕವನ್ನು ಇನ್ನೂ ಕೈಗೆತ್ತಿಕೊಂಡಿಲ್ಲ. ನಿನ್ನೆ ಆಫೀಸಿನಿಂದ ತಡವಾಗಿ ಬಂದು ಇವತ್ತು ಓದಲಾಗದು ಎಂದಾಗ ಮಾತ್ರ, ‘ಹಾಗಾದ್ರೆ ಮಂದಣ್ಣನ ಕತೆ ಏನಾಯ್ತು, ಅದನ್ನಾದ್ರೂ ಹೇಳು’ ಎಂದಳು. ಹೇಳಲಿಲ್ಲ, ಪುಸ್ತಕವನ್ನು ಅವಳ ಹಾಸಿಗೆಯ ಮೇಲಿಟ್ಟು ಬಂದೆ. ಶನಿವಾರ ಗಾಂಧಿ ಬಜಾರಿಗೆ ಹೋಗಿ ‘ದ್ವೀಪ’ವನ್ನೂ ‘ಊರುಕೇರಿ’ಯನ್ನೂ ತರುತ್ತೇನೆ.